ಬೇಲಿಗೆ ಕರೆಂಟು ಹಾಯಿಸುವ ಹಕ್ಕು ಯಾರಿಗೂ ಇಲ್ಲ

ಹೊಲದ ಬೇಲಿಗೆ ಹಾಯಿಸಿದ ಕರೆಂಟು ತಗುಲಿ ಯಾರಾದರೂ ಸತ್ತರೆ ಊರಲ್ಲಿ ಮೊದಲು ಏಳುವ ಮಾತು: ‘ಅವನ್ಯಾಕೆ ಅಲ್ಲಿಗೆ ಹೋಗಿದ್ದ?’ ಹೆಣ ಇನ್ನೂ ಬದುವಿನ ಮೇಲಿರುವಾಗಲೇ ಸತ್ತವನನ್ನು ತಪ್ಪಿತಸ್ಥನನ್ನಾಗಿ ಮಾಡುವ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಜಮೀನು ಕಾಯುವವನ ಮೇಲೆ ಕೇಸು ಹಾಕುವುದೇ ಅನ್ಯಾಯ ಎಂಬ ವಾದವೂ ಅದರ ಬೆನ್ನಿಗೇ ಬರುತ್ತದೆ.

ಆ ಬೇಲಿ ಹೇಗಿರುತ್ತದೆ? ಮೊಳಕಾಲೆತ್ತರದ ಗೂಟಗಳು, ಅವಕ್ಕೆ ಸುತ್ತಿದ ಸಣ್ಣ ತಂತಿ, ತಂತಿಯ ತುದಿ ಪಂಪ್‌ಹೌಸಿನ ಸ್ವಿಚ್ಚಿಗೋ ಕಂಬದ ಲೈನಿಗೋ. ಕತ್ತಲಲ್ಲಿ ಅದು ಕಾಣುವುದೇ ಇಲ್ಲ. ಆ ಕತ್ತಲಲ್ಲಿ ಓಡಾಡುವವರಾದರೂ ಯಾರು? ತ್ರೀ ಫೇಸ್ ಕರೆಂಟು ರಾತ್ರಿ ಬಂತೆಂದು ಮೋಟರು ಹಾಕಲು ಹೊರಟ ಪಕ್ಕದ ಹೊಲದವನು, ಬಿಚ್ಚಿಕೊಂಡ ದನ ಹುಡುಕುವವಳು. ಸ್ವಿಚ್ ತೆಗೆಯಲು ಮರೆತ ಮಾಲೀಕನೇ ಬಲಿಯಾದದ್ದೂ ಉಂಟು.

‘ಅವನ್ಯಾಕೆ ಅಲ್ಲಿಗೆ ಹೋಗಿದ್ದ’ ಎಂಬುದು ಹೊಸ ಪ್ರಶ್ನೆಯೇನಲ್ಲ. ಬಿಹಾರದಲ್ಲಿ ಒಬ್ಬಾತ ತನ್ನ ಶೌಚಾಲಯವನ್ನು ನೆರೆಯವರು ಬಳಸುತ್ತಾರೆಂದು ಅದರ ದಾರಿಗೆ ಕರೆಂಟಿನ ಬರಿ ತಂತಿ ಕಟ್ಟಿದ. ನೆರೆಮನೆಯ ಹೆಂಗಸೊಬ್ಬಳು ಒಳಹೋಗುವಾಗ ಪಾರಾದಳು, ಹೊರಬರುವಾಗ ಕೈ ತಗುಲಿ ಸತ್ತಳು. ಅತಿಕ್ರಮ ಪ್ರವೇಶ ಮಾಡಿದ ಮಾತ್ರಕ್ಕೆ ಯಾರೂ ಕಾನೂನಿನ ರಕ್ಷಣೆ ಕಳೆದುಕೊಳ್ಳುವುದಿಲ್ಲವೆಂದು 1963ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ಎತ್ತಿಹಿಡಿಯಿತು.

ಆಸ್ತಿ ಕಾಯುವ ಹಕ್ಕು ಇಲ್ಲವೆಂದು ನಾನು ಹೇಳುತ್ತಿಲ್ಲ. ಭಾರತೀಯ ನ್ಯಾಯ ಸಂಹಿತೆ ಅದನ್ನು ಕೊಟ್ಟಿದೆ. ದರೋಡೆ, ರಾತ್ರಿ ಕನ್ನ, ವಾಸದ ಮನೆಗೆ ಬೆಂಕಿ, ಜೀವಕ್ಕೇ ಕುತ್ತೆಂಬ ಭಯ ಹುಟ್ಟಿಸುವ ಕಳ್ಳತನ ಇಂಥ ಸಂದರ್ಭಗಳಲ್ಲಿ 41ನೇ ಕಲಂ ಎದುರಾಳಿಯ ಪ್ರಾಣ ಹೋಗುವಷ್ಟು ಬಲಪ್ರಯೋಗಕ್ಕೂ ಅವಕಾಶ ಕೊಡುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂದು 37ನೇ ಕಲಂ ಕಟ್ಟು ಹಾಕಿದೆ. ಅಗತ್ಯ ಎಷ್ಟೆಂದು ಅಳೆಯಲು ಎದುರಿಗಿರುವವನನ್ನು ನೋಡಬೇಕು, ಗದರಿಸಬೇಕು, ಓಡಿದರೆ ಬಿಡಬೇಕು. ಮಾಲೀಕ ಮನೆಯಲ್ಲಿ ಮಲಗಿರುವಾಗ ತಂತಿ ಇದರಲ್ಲಿ ಯಾವುದನ್ನು ಮಾಡೀತು? ಬರೀ ಅತಿಕ್ರಮ ಪ್ರವೇಶಕ್ಕೆ ಕಾನೂನು ವಿಧಿಸುವ ಗರಿಷ್ಠ ಸೆರೆವಾಸ ಮೂರು ತಿಂಗಳು. ಬೇಲಿ ವಿಧಿಸುವುದು ಮರಣದಂಡನೆ.

ಹಾಗಾಗಿ ಇಂಥ ಸಾವನ್ನು ನಿರ್ಲಕ್ಷ್ಯವೆಂದು 106ನೇ ಕಲಮಿಗೆ ಇಳಿಸುವುದನ್ನೂ ನಾನು ಒಪ್ಪಲಾರೆ. ಬಿಹಾರದವನಿಗೆ ಶಿಕ್ಷೆಯಾದದ್ದು ನಿರ್ಲಕ್ಷ್ಯದ ಕಲಮಿನಲ್ಲೇ, ನಿಜ. ಆದರೆ ಮನೆಮನೆಗೂ ಕರೆಂಟು ಬಂದಿರುವ ಈ ಕಾಲದಲ್ಲಿ ಅದು ಕೊಲ್ಲುತ್ತದೆಂದು ಗೊತ್ತಿಲ್ಲದವರು ಯಾರು? ಗೊತ್ತಿದ್ದೂ ಹಾಯಿಸಿದ್ದಕ್ಕೆ 105ನೇ ಕಲಂ ಇದೆ, ಹತ್ತು ವರ್ಷದವರೆಗೆ ಸೆರೆವಾಸವಿದೆ.

ರೈತ ಬೇಲಿಗೆ ಕರೆಂಟು ಹಾಯಿಸುವುದು ಯಾಕೆಂದು ನನಗೂ ಗೊತ್ತು: ಹಂದಿ ಹಿಂಡು ಒಂದೇ ರಾತ್ರಿಯಲ್ಲಿ ಜೋಳದ ಹೊಲ ಮಲಗಿಸಿದ ಬೆಳಗ್ಗೆ ರೈತನ ಮುಖ ನೋಡಲಾಗುವುದಿಲ್ಲ. ಕ್ಷಣಮಾತ್ರದ ಶಾಕ್ ಕೊಟ್ಟು ಪ್ರಾಣಿಯನ್ನು ಹಿಮ್ಮೆಟ್ಟಿಸುವ ಸೋಲಾರ್ ಬೇಲಿ ಅವನ ಕೈಗೆಟುಕುವಂತಾಗಬೇಕು. ಬೆಳೆ ಪರಿಹಾರ ಅದೇ ಹಂಗಾಮಿನಲ್ಲಿ ಸಿಗಬೇಕು. ತ್ರೀ ಫೇಸ್ ಹಗಲು ಹೊತ್ತು ಬರಬೇಕು. ಇಷ್ಟನ್ನು ಕೇಳಲು ರೈತರ ಜೊತೆ ನಾನೂ ಬೀದಿಗೆ ಬರುತ್ತೇನೆ. ಕೇಸು ಕೈಬಿಡಿ ಎಂಬ ಮನವಿಗೆ ಮಾತ್ರ ನನ್ನ ಸಹಿ ಕೇಳಬೇಡಿ.