‘ಹುಟ್ಟಿನಿಂದಲೇ ಹಾಗೆ’ ಎನ್ನುವ ಮುನ್ನ

ಬುದ್ಧಿಯ ಬೆಳವಣಿಗೆ ಕುಂಠಿತವಾದ ಯುವಕನೊಬ್ಬ ಊಟ ಬಿಟ್ಟು, ನಿದ್ದೆಗೆಟ್ಟು, ಅಳತೊಡಗಿದರೆ ‘ಅವನು ಹುಟ್ಟಿನಿಂದಲೇ ಹಾಗೆ’ ಎಂದುಬಿಡುವುದು ನಮ್ಮ ಕುಟುಂಬಗಳಲ್ಲಿ ರೂಢಿಯಾಗಿದೆ. ಈ ಮಾತು ತರ್ಕಕ್ಕೆ ನಿಲ್ಲದು. ಹುಟ್ಟಿನಿಂದ ಇರುವ ಸ್ಥಿತಿಯೊಂದೇ ಕಳೆದ ತಿಂಗಳು ತಲೆದೋರಿದ ಬದಲಾವಣೆಗೆ ಕಾರಣವಾಗಲಾರದು. ಇಂಥವರಿಗೂ ಖಿನ್ನತೆ, ಭೀತಿ, ಮನೋರೋಗಗಳು ಬರುತ್ತವೆ. ಇತರರಿಗಿಂತ ಹೆಚ್ಚಾಗಿಯೇ ಬರುತ್ತವೆ. ಅವನ್ನು ಮೂಲ ನ್ಯೂನತೆಯ ಲೆಕ್ಕಕ್ಕೆ ಸೇರಿಸಿ ಕಡೆಗಣಿಸುವ ತಪ್ಪು ಚಿಕಿತ್ಸಕರಿಂದಲೂ ಆಗುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೀಸ್ ಮತ್ತು ಸಂಗಡಿಗರು 1982ರಲ್ಲಿಯೇ ತೋರಿಸಿದರು.

1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಮನೆ ತೊರೆದವರ ಪುನರ್ವಸತಿ ಕಾಲೊನಿ ತೋಡೂರಿನಲ್ಲಿದೆ. ನೆಲೆ ತಪ್ಪಿದರೆ ಮನಸ್ಸು ನೋಯುತ್ತದೆಂಬುದನ್ನು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪರಿಚಿತ ದಾರಿ, ಪರಿಚಿತ ಮುಖಗಳನ್ನೇ ನೆಚ್ಚಿ ಬದುಕುವವನಿಗೆ ಆ ನೋವು ಇನ್ನೂ ಹಿರಿದು. ಆದರೆ ಹೇಳಿಕೊಳ್ಳಲು ಅವನಲ್ಲಿ ಮಾತಿಲ್ಲ.

ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿರುವ ಸಿದ್ದಿ ಬಂಧುಗಳ ಕಷ್ಟ ಇದಕ್ಕಿಂತಲೂ ಜಟಿಲವಾದದ್ದು. ಆಫ್ರಿಕಾ ಮೂಲದ ಈ ಜನರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರಲ್ಲಿ ಅನೇಕರು ನಮ್ಮ ಕಥೊಲಿಕ ಸಹೋದರರೇ. ಅವರ ಮನೆಮಾತು ಮರಾಠಿ, ಕನ್ನಡ ಬೆರೆತ ಕೊಂಕಣಿ. ಶಾಲೆ, ಆಸ್ಪತ್ರೆಗಳದ್ದು ಕನ್ನಡ. ಅಲ್ಲಿನ ಇಂಥ ಮಗುವೊಂದು ಮೌನಕ್ಕೆ ಶರಣಾದರೆ ‘ಮಂದಬುದ್ಧಿ’, ‘ಭಾಷೆ ಬಾರದು’, ‘ಕಾಡಿನವರು’ ಎಂಬ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ದುಃಖವಿದೆಯೇ ಎಂಬ ನಾಲ್ಕನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಬಣ್ಣ, ಕೂದಲುಗಳನ್ನು ಕುರಿತ ಅಪಹಾಸ್ಯವೇ ಆ ದುಃಖಕ್ಕೆ ಕಾರಣವಾಗಿರಬಹುದೆಂಬುದೂ ನಮಗೆ ಹೊಳೆಯುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಬೌದ್ಧಿಕ ನ್ಯೂನತೆಯನ್ನೂ ಮಾನಸಿಕ ಅಸ್ವಸ್ಥತೆಯನ್ನೂ ಬೇರೆಬೇರೆಯಾಗಿ ಹೆಸರಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಪ್ರತಿಯೊಬ್ಬರಿಗೂ ಸರ್ಕಾರಿ ಚಿಕಿತ್ಸೆಯ ಹಕ್ಕನ್ನು ನೀಡಿದೆ. ಆದುದರಿಂದ ಮೊದಲಿನದಕ್ಕೆ ಪ್ರಮಾಣಪತ್ರವಿದೆಯೆಂದು ಎರಡನೆಯದರ ಚಿಕಿತ್ಸೆ ನಿಲ್ಲಬಾರದು.

ಕುಟುಂಬದವರು ಮಾಡಬೇಕಾದುದಿಷ್ಟು: ಯಾವ ಬದಲಾವಣೆ ಎಂದಿನಿಂದ ಆಯಿತೆಂದು ಬರೆದಿಡಬೇಕು. ಹಲ್ಲುನೋವು, ಕಿವಿನೋವುಗಳಿವೆಯೇ ಎಂದು ಪರೀಕ್ಷಿಸಿಸಬೇಕು. ವೈದ್ಯರ ಬಳಿಗೆ ಮನೆಮಾತು ಬಲ್ಲವರೊಬ್ಬರು ಜೊತೆಗೆ ಹೋಗಬೇಕು. 2022ರಲ್ಲಿ ಆರಂಭವಾದ ಟೆಲಿಮಾನಸ್‌ನ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ.

ಮನುಷ್ಯನು ವಿಚಾರಶೀಲ ಪ್ರಾಣಿ ಎಂದು ತತ್ತ್ವಶಾಸ್ತ್ರ ಹೇಳಿದ್ದುಂಟು. ಆದರೆ ದುಃಖಪಡಲು ಲೆಕ್ಕ, ವ್ಯಾಕರಣ ಬರಬೇಕೆಂದು ಯಾವ ತತ್ತ್ವಶಾಸ್ತ್ರವೂ ಹೇಳಿಲ್ಲ.