ಮರಕ್ಕೊರಗಿದ ಮನುಷ್ಯ



ದೂರದೂರಿನಲ್ಲಿ ಓದುತ್ತಿರುವ ಮಗಳು ಫೋನ್ ಮಾಡಿ, "ನನ್ನ ತಲೆಗೆ ಏನೂ ಹತ್ತುತ್ತಿಲ್ಲ, ವಾಪಸ್ ಬಂದುಬಿಡುತ್ತೇನೆ" ಎಂದು ಅತ್ತರೆ ನೀವೇನು ಹೇಳುತ್ತೀರಿ?

ನನ್ನ ಅಕ್ಕನ ಮಗಳು ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಎರಡನೇ ವರ್ಷದಲ್ಲಿ ಒಂದು ರಾತ್ರಿ ಅವಳು ನನಗೆ ಹೀಗೆಯೇ ಹೇಳಿದಳು. ಅವಳನ್ನು ಕಳುಹಿಸಲು ಅಕ್ಕ ತನ್ನ ಬಳೆಗಳನ್ನು ಮಾರಿದ್ದಳು. ಅದಕ್ಕೇ ಹುಡುಗಿ ತಾಯಿಗೆ ಹೇಳಲಾರದೆ ನನಗೆ ಹೇಳಿದ್ದಳು. ಪಾಠವೇನೋ ಇಂಗ್ಲಿಷಿನಲ್ಲಿ. ಆದರೆ ಆಸ್ಪತ್ರೆಯ ಮಂಚದ ಮೇಲಿರುವ ರೋಗಿ ಮಾತಾಡುವುದು ಚೀನೀ ಭಾಷೆ. ಆದ್ದರಿಂದ ವಿದೇಶೀ ವಿದ್ಯಾರ್ಥಿಗಳೂ ಅಲ್ಲಿನ ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅವಳನ್ನು ಕಾಡುತ್ತಿದ್ದುದು ಆ ಭಾಷೆಯ ಅಕ್ಷರಗಳು.

ಕನ್ನಡದಲ್ಲಿ 49 ಅಕ್ಷರ, ಅರಬಿಯಲ್ಲಿ 28. ಚೀನೀ ಭಾಷೆಗೆ ನಮ್ಮಂತೆ ವರ್ಣಮಾಲೆಯೇ ಇಲ್ಲ. ಚೀನಾ ಸರಕಾರ 2013ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 8,105 ಅಕ್ಷರಗಳಿವೆ. ಅವುಗಳಲ್ಲಿ ದಿನಬಳಕೆಗೆ ಅಗತ್ಯವೆಂದು ಮೊದಲ ಹಂತದಲ್ಲಿ ಸೇರಿಸಿರುವುದೇ 3,500.

"ಒಂದೊಂದನ್ನೂ ನೂರು ಸಲ ಬರೆ" ಎಂದೆ ನಾನು. ಟೀಚರಲ್ಲವೇ, ಬಾಯಿಗೆ ಬಂದದ್ದು ಅದೇ.

"ಬರೆದೆ ಖಾಲಾ. ಬೆಳಿಗ್ಗೆ ಎದ್ದರೆ ಒಂದೂ ನೆನಪಿರುವುದಿಲ್ಲ. ನಾನು ದಡ್ಡಿ" ಎಂದಳು.

ಅಂದು ನನಗೆ ನಿದ್ರೆ ಬರಲಿಲ್ಲ. ಮದ್ರಸಾದ ಪುಟ್ಟ ಮಕ್ಕಳು ಕಣ್ಮುಂದೆ ಬಂದರು. ಬಾ, ತಾ, ಸಾ ಈ ಮೂರಕ್ಕೂ ಆಕಾರ ಒಂದೇ, ಚುಕ್ಕೆ ಮಾತ್ರ ಬೇರೆ. ನಾನು ಅವರಿಗೆ ಹೇಳುವುದು ದೋಣಿಯ ಕಥೆ. ಬಾ ದೋಣಿಯ ಕೆಳಗೆ ಒಂದು ಕಲ್ಲು, ತಾ ದೋಣಿಯಲ್ಲಿ ಇಬ್ಬರು ಮಕ್ಕಳು, ಸಾ ದೋಣಿಯಲ್ಲಿ ಮೂವರು. ಮಕ್ಕಳು ಮತ್ತೆ ಮರೆಯುವುದಿಲ್ಲ. ಐದು ವರ್ಷದ ಮಗುವಿಗೆ ಕಥೆ ಹೇಳುವ ನಾನು, ಅಳುತ್ತಿದ್ದ ದೊಡ್ಡ ಹುಡುಗಿಗೆ ಶಿಕ್ಷೆ ಕೊಟ್ಟಂತೆ ನೂರು ಸಲ ಬರೆಯಲು ಹೇಳಿದ್ದೆ!

ಚೀನೀ ಅಕ್ಷರಗಳನ್ನೂ ಹೀಗೆ ಕಲಿಯಬಹುದೇ ಎಂದು ಹುಡುಕಿ ಓದಿದೆ. ದಾರಿ ಹಳೆಯದೇ ಎಂದು ತಿಳಿಯಿತು. ಇಟಲಿಯ ಕ್ರೈಸ್ತ ಪಾದ್ರಿ ಮತ್ತೆಯೊ ರಿಚ್ಚಿ 1596ರಲ್ಲಿ ನೆನಪಿನ ಕಲೆಯ ಬಗ್ಗೆ ಚೀನೀಯಲ್ಲೇ ಒಂದು ಪುಸ್ತಕ ಬರೆದರು. ಜಿಯಾಂಗ್ಶಿ ಪ್ರಾಂತದ ರಾಜ್ಯಪಾಲನ ಮಕ್ಕಳು ಸರಕಾರಿ ಪರೀಕ್ಷೆಗೆ ಓದುತ್ತಿದ್ದರು, ಅವರಿಗಾಗಿ ಬರೆದದ್ದು. ಅದರಲ್ಲಿ ನಮಗೆ ಆಸಕ್ತಿ ಹುಟ್ಟಿಸುವ ಸಂಗತಿಯೊಂದಿದೆ. 'ಬೇಕು', 'ಮುಖ್ಯ' ಎಂಬ ಅರ್ಥದ ಅಕ್ಷರದ ಮೇಲ್ಭಾಗ 'ಪಶ್ಚಿಮ'ದಂತೆ ಕಾಣುತ್ತದೆ, ಕೆಳಭಾಗ 'ಹೆಣ್ಣು'. ಅದಕ್ಕಾಗಿ ರಿಚ್ಚಿ ಆರಿಸಿಕೊಂಡ ಚಿತ್ರ ಚೀನಾದ ಪಶ್ಚಿಮ ಸೀಮೆಯ ಒಬ್ಬ ಮುಸ್ಲಿಂ ಮಹಿಳೆ. ಆಕೆಯನ್ನು ಮನಸ್ಸಿನೊಳಗಿನ ಒಂದು ಕೋಣೆಯ ಮೂಲೆಯಲ್ಲಿ ನಿಲ್ಲಿಸಿಕೊಂಡರೆ ಅಕ್ಷರವೂ ಅಲ್ಲೇ ನಿಲ್ಲುತ್ತದೆ ಎಂಬುದು ಅವರ ಉಪಾಯ. ಆದರೆ ರಾಜ್ಯಪಾಲನ ಹಿರಿಮಗ ಅದನ್ನು ಓದಿ, ವಿಧಾನ ಸರಿ, ಆದರೆ ಇದನ್ನು ಬಳಸಲೂ ಒಳ್ಳೆಯ ನೆನಪಿನ ಶಕ್ತಿ ಬೇಕು ಎಂದನಂತೆ!

ಅವನ ಮಾತಿನಲ್ಲಿ ಹುರುಳಿದೆ. ಬೇರೆಯವರು ಕಟ್ಟಿದ ಕಥೆಯನ್ನು ಉರುಹೊಡೆಯುವುದು ಇನ್ನೊಂದು ಹೊರೆ. ಜಪಾನಿನಲ್ಲಿ ನೆಲೆಸಿದ ಅಮೆರಿಕದ ಜೇಮ್ಸ್ ಹೈಸಿಗ್ ಇದನ್ನು ಚೆನ್ನಾಗಿ ಅರಿತಿದ್ದರು. ಅಲ್ಲಿ ಬಳಸುವ ಚೀನೀ ಅಕ್ಷರಗಳನ್ನು ಕಥೆ ಕಟ್ಟಿ ಕಲಿತು 1977ರಲ್ಲಿ ಅವರು ಪುಸ್ತಕ ತಂದರು. ಅದರ ಮೊದಲ ಭಾಗದಲ್ಲಿ ಪೂರ್ಣ ಕಥೆಗಳಿವೆ. ಎರಡನೆಯದರಲ್ಲಿ ಕಥೆಯ ಎಳೆ ಮಾತ್ರ. ಮೂರನೆಯದರಲ್ಲಿ ಅಕ್ಷರದ ಬಿಡಿಭಾಗಗಳ ಹೆಸರು ಮಾತ್ರ, ಕಥೆ ಓದುವವರದೇ.

ನಾನು ಸೊಸೆಗೆ ಇದನ್ನೇ ವಿವರಿಸಿದೆ. ಮೊದಲು ಅಕ್ಷರವನ್ನು ಬಿಡಿಸಿ ನೋಡು. 'ಮರ' ಒಂದು ಸಣ್ಣ ಅಕ್ಷರ. ಎರಡು ಮರ ಪಕ್ಕಪಕ್ಕ ನಿಂತರೆ ತೋಪು, ಮೂರು ಸೇರಿದರೆ ಕಾಡು. ಮರದ ಪಕ್ಕ ಮನುಷ್ಯ ಒರಗಿದರೆ ವಿಶ್ರಾಂತಿ. ಸೂರ್ಯ, ಚಂದ್ರ ಜೊತೆಯಾದರೆ ಬೆಳಕು. ಮಾಡಿನ ಕೆಳಗೆ ಹೆಣ್ಣಿದ್ದರೆ ನೆಮ್ಮದಿ. ಕೇಳುತ್ತಾ ಹೋದಂತೆ ಅವಳ ದನಿ ಹಗುರವಾಯಿತು. ಇನ್ನು ಮುಂದಿನದು ನಿನ್ನ ಕೆಲಸ ಎಂದೆ.

ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. "ಖಾಲಾ, ಅಮ್ಮ ಎಂಬ ಅಕ್ಷರದಲ್ಲಿ ಏನಿದೆ ಗೊತ್ತೇ? ಒಂದು ಹೆಣ್ಣು, ಪಕ್ಕದಲ್ಲಿ ಒಂದು ಕುದುರೆ. ಅಮ್ಮಿ ಬೆಳಗಿನಿಂದ ರಾತ್ರಿಯವರೆಗೆ ಕುದುರೆಯ ಹಾಗೆ ಓಡುತ್ತಲೇ ಇರುತ್ತಾರಲ್ಲ, ಅದೇ!" ನಾವಿಬ್ಬರೂ ನಕ್ಕೆವು. ಮತ್ತೆ ಹೇಳಿದಳು, "ನೋವು ಎಂಬ ಅಕ್ಷರದಲ್ಲಿ ಕಾಯಿಲೆಯ ಗುರುತಿನ ಒಳಗೆ ಚಳಿಗಾಲ ಇದೆ. ನಾನಿಯ ಮಂಡಿನೋವು ಚಳಿಗಾಲದಲ್ಲೇ ಅಲ್ಲವೇ ಹೆಚ್ಚಾಗುವುದು?"

ಇಲ್ಲೊಂದು ಎಚ್ಚರಿಕೆ ಬೇಕು. ಇವು ನೆನಪಿಗೆ ಕಟ್ಟಿಕೊಂಡ ಕಥೆಗಳು, ಅಕ್ಷರದ ಇತಿಹಾಸವಲ್ಲ. ಚೀನೀಯಲ್ಲಿ ಕುದುರೆಗೂ 'ಮಾ' ಎನ್ನುತ್ತಾರೆ, ಸ್ವರದ ಏರಿಳಿತ ಮಾತ್ರ ಬೇರೆ. ಅಮ್ಮನ ಪಕ್ಕದ ಕುದುರೆ ಉಚ್ಚಾರದ ಸುಳಿವು ಅಷ್ಟೇ. ಅಲ್ಲಿನ ಬಹುಪಾಲು ಅಕ್ಷರಗಳು ಹೀಗೆಯೇ, ಒಂದು ಭಾಗ ಅರ್ಥಕ್ಕೆ, ಇನ್ನೊಂದು ಉಚ್ಚಾರಕ್ಕೆ. ಕಥೆಯೊಂದೇ ಸಾಲದು ಎಂಬುದೂ ನಿಜ. ಅದು ಅರ್ಥವನ್ನೂ ಆಕಾರವನ್ನೂ ಹಿಡಿದುಕೊಡುತ್ತದೆ. ಉಚ್ಚಾರವನ್ನು ಕಿವಿಯಿಂದಲೇ ಕಲಿಯಬೇಕು. ಕಲಿತದ್ದನ್ನು ಮರುದಿನ, ಮರುವಾರ ಮತ್ತೆ ನೋಡದಿದ್ದರೆ ಕಥೆಯೂ ಮಾಸಿಹೋಗುತ್ತದೆ. ನೋಡುತ್ತಾ ಬಂದರೆ ಒಂದು ದಿನ ಕಥೆ ತಾನಾಗಿ ಉದುರಿ ಅಕ್ಷರ ಉಳಿಯುತ್ತದೆ. ಮನೆ ಎದ್ದು ನಿಂತ ಮೇಲೆ ಸಾರುವೆ ಬಿಚ್ಚುವುದಿಲ್ಲವೇ, ಹಾಗೆ.

ಅವಳು ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾದಳು, ದೊಡ್ಡ ಅಂಕಗಳೇನೂ ಬರಲಿಲ್ಲ. ಈಗ ಆಸ್ಪತ್ರೆಗೆ ಹೋಗುತ್ತಿದ್ದಾಳೆ. ಮೊದಲ ವಾರ ಒಬ್ಬ ಅಜ್ಜಿಯ ಚೀಟಿಯಲ್ಲಿ ಆ ಚಳಿಗಾಲದ ಅಕ್ಷರ ಕಂಡಿತಂತೆ. ಯಾರ ಸಹಾಯವೂ ಇಲ್ಲದೆ, "ಎಲ್ಲಿ ನೋಯುತ್ತಿದೆ?" ಎಂದು ಕೇಳಿದಳಂತೆ. ಅಜ್ಜಿ ಮಂಡಿ ಮುಟ್ಟಿ ತೋರಿಸಿದರಂತೆ.

ಸಹೋದರಿಯರೇ, ನಮ್ಮ ಮಕ್ಕಳಲ್ಲಿ ಚೀನೀ ಕಲಿಯುವವರು ಕೆಲವರೇ ಇರಬಹುದು. ಆದರೆ ಮಗ್ಗಿ, ಕಾಗುಣಿತ, ವಿಜ್ಞಾನದ ಹೆಸರುಗಳು ತಲೆಗೆ ಹತ್ತದೆ ಅಳುವ ಮಕ್ಕಳು ಎಲ್ಲ ಮನೆಯಲ್ಲೂ ಇದ್ದಾರೆ. "ನೀನು ದಡ್ಡ" ಎನ್ನುವ ಮೊದಲು ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತು, "ಇದು ನಿನಗೆ ಯಾವುದರ ಹಾಗೆ ಕಾಣುತ್ತದೆ, ಹೇಳು" ಎಂದು ಕೇಳಿ ನೋಡಿ. ಉತ್ತರ ವಿಚಿತ್ರವಾಗಿದ್ದರೂ ನಕ್ಕುಬಿಡಬೇಡಿ. ಮಗುವಿಗೆ ನೆನಪಿರುವುದು ಅದೇ.