ಪೋರ್ಟ್ ಕೇಳಿ, ಕೇರಿ ಕೇಳಬೇಡಿ

ಹಳ್ಳಿಯಿಂದ ವಿಜಯನಗರಕ್ಕೆ ಬಂದು ರೂಮು ಮಾಡುವ ನಮ್ಮ ಹುಡುಗರಲ್ಲಿ ಎರಡು ಥರ. ಕೆಎಎಸ್, ಪಿಎಸ್‌ಐ ಎಂದು ಹಂಪಿನಗರದ ಲೈಬ್ರರಿಯಲ್ಲಿ ಕೂತವರು ಕೆಲವರು. ವಯಸ್ಸು ಮೀರಿ, ಮನೆಗೆ ದುಡ್ಡು ಕಳಿಸಲೇಬೇಕಾಗಿ, ದೊಡ್ಡ ಕಂಪನಿಗಳ ಟೆಕ್ನಿಕಲ್ ಸಪೋರ್ಟ್ ಎಂಜಿನಿಯರ್ ಕೆಲಸಕ್ಕೆ ಅರ್ಜಿ ಹಾಕುವವರು ಇನ್ನು ಕೆಲವರು. ನನ್ನ ಮಾತು ಈ ಎರಡನೆಯವರದು.

ನಮ್ಮ ರೂಮಿನ ಹುಡುಗನೊಬ್ಬನಿಗೆ ಒಂದು ತರಬೇತಿ ಅಂಗಡಿ (ಅಂಗಡಿ ಅಂತಲೇ ಕರೀತೀನಿ) ಸಾವಿರಾರು ರೂಪಾಯಿ ಕಿತ್ತುಕೊಂಡು ಕಲಿಸಿದ್ದೇನು? 'ಹೌಸ್' 'ಔಸ್' ಆಗದಂತೆ ನಾಲಿಗೆ ತಿದ್ದುವುದು, ಟೈ ಕಟ್ಟುವುದು, ಅಪ್ಪ ಏನು ಮಾಡ್ತಾರೆ ಅಂದರೆ 'ಕೃಷಿ ವ್ಯವಹಾರ' ಅನ್ನುವುದು. ಕೂಲಿ ಮಾಡಿ ಓದಿಸಿದ ಅಪ್ಪನನ್ನು ಮುಚ್ಚಿಡು ಎಂದು ಮಗನಿಗೆ ಪಾಠ! ಅದಕ್ಕೆ ಫೀಜು ಬೇರೆ.

ನೋಡ್ರಿ, ಈ ಸಂದರ್ಶನದೊಳಗೆ ಇರೋದು ಎರಡು ಪರೀಕ್ಷೆ. ಒಂದು ಯಂತ್ರದ್ದು. ಬ್ರೌಸರಿನಲ್ಲಿ ವಿಳಾಸ ಒತ್ತಿದರೆ ಏನಾಗುತ್ತೆ ಅಂತಾರೆ. ಡಿಎನ್‌ಎಸ್ ಆ ಹೆಸರಿನ ಐಪಿ ಸಂಖ್ಯೆ ಹುಡುಕಿಕೊಡುತ್ತೆ, ಟಿಸಿಪಿ ಮೂರು ಹೆಜ್ಜೆಯಲ್ಲಿ ಕೈಕುಲುಕಿ ದಾರಿ ತೆರೆಯುತ್ತೆ, 443ನೇ ಪೋರ್ಟಿನಲ್ಲಿ ಟಿಎಲ್‌ಎಸ್ ಬೀಗ ಬೀಳುತ್ತೆ, ಆಮೇಲೆ ಪುಟ ಬರುತ್ತೆ. ಲಿನಕ್ಸ್ ಸರ್ವರಿನಲ್ಲಿ ದೊಡ್ಡ ಫೈಲು ಅಳಿಸಿದರೂ ಡಿಸ್ಕು ಖಾಲಿಯಾಗಿಲ್ಲ, ಯಾಕೆ? ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಮು ಇನ್ನೂ ಹಿಡಿದುಕೊಂಡಿರುತ್ತೆ. ಇದರಲ್ಲಿ ಯಾವ ವೇದರಹಸ್ಯ ಅಡಗಿದೆ? ಬೋರ್‌ವೆಲ್ ಮೋಟಾರು ನಿಂತರೆ ನಮ್ಮ ಹಟ್ಟಿಯವನು ಏನು ಮಾಡ್ತಾನೆ? ಮೊದಲು ಕರೆಂಟು ಇದೆಯಾ, ಆಮೇಲೆ ಸ್ಟಾರ್ಟರು, ಆಮೇಲೆ ಕೇಬಲ್ಲು, ಕಟ್ಟಕಡೆಗೆ ಮೋಟಾರು ಎತ್ತುವುದು. ಅಲ್ಲಿ ಕೇಳೋದೂ ಇದೇ ಕ್ರಮ: ಯಾರಿಗೆ ಕೆಟ್ಟಿದೆ, ಯಾವಾಗಿನಿಂದ, ಅದಕ್ಕೆ ಮೊದಲು ಏನು ಬದಲಾಯಿತು? ಇದನ್ನು ಕನ್ನಡದಲ್ಲಿ ಅರಿತು, ಆಮೇಲೆ ಇಂಗ್ಲಿಷಿನಲ್ಲಿ ಹತ್ತು ಸಲ ಗಟ್ಟಿಯಾಗಿ ಹೇಳಿಕೊಳ್ಳಿ. ಇಂಗ್ಲಿಷು ಬೇಡ ಅಂತ ನಾನು ಹೇಳಲ್ಲ. ಗಿರಾಕಿ ಅಮೆರಿಕದಲ್ಲಿ ಕೂತಿರ್ತಾನೆ. ಇಂಗ್ಲಿಷು ಬೇಕು, ಕಾನ್ವೆಂಟಿನ ಗಂಟಲು ಬೇಡ.

ಎರಡನೆಯದು ಕುಲದ ಪರೀಕ್ಷೆ. ಅದಕ್ಕೆ 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಎಂಬ ಮರ್ಯಾದೆಯ ಹೆಸರು. ಸುರಿಂದರ್ ಜೋಧ್ಕಾ, ಕ್ಯಾಥರೀನ್ ನ್ಯೂಮನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡ ಕಂಪನಿಗಳ ನೇಮಕಾತಿ ಅಧಿಕಾರಿಗಳೇ ಮನೆತನ ಕೇಳುವುದಾಗಿ ಹೇಳಿದ್ದಾರೆ. ಅದೇ ವರ್ಷ ಸುಖದೇವ್ ಥೋರಟ್, ಪಾಲ್ ಅಟೆವೆಲ್ ತೋರಿಸಿದ್ದು ಇನ್ನೊಂದು: ಓದು ಒಂದೇ, ಹೆಸರು ಮಾತ್ರ ಬೇರೆ ಇದ್ದ ಅರ್ಜಿಗಳನ್ನು ಖಾಸಗಿ ಕಂಪನಿಗಳಿಗೆ ಕಳಿಸಿದಾಗ ದಲಿತ ಹೆಸರಿಗೆ ಕರೆ ಬಂದದ್ದು ಕಡಿಮೆ. ಸಂವಿಧಾನದ 16(4)ನೇ ವಿಧಿ ಸರ್ಕಾರಿ ಹುದ್ದೆಗೆ ಮಾತ್ರ. ಗಾಜಿನ ಕಟ್ಟಡದ ಗೇಟಿನಲ್ಲೇ ಅದು ನಿಂತುಬಿಡುತ್ತೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಕೆಲಸ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿತು, ನಾಸ್ಕಾಂ ಸಿಡಿಮಿಡಿಗೊಂಡಿತು, ಸರ್ಕಾರ ತಡೆಹಿಡಿಯಿತು. ಅದೂ ಊರಿನ ಲೆಕ್ಕವೇ ಹೊರತು ಕೇರಿಯ ಲೆಕ್ಕವಲ್ಲ. ದೂರದ ಸಿಯಾಟಲ್ ನಗರಸಭೆ 2023ರಲ್ಲೇ ಜಾತಿ ತಾರತಮ್ಯ ನಿಷೇಧಿಸಿತು. ಜಾತಿಯನ್ನು ಅಲ್ಲಿಗೆ ರಫ್ತು ಮಾಡಿದ ನಾವು?

ಮೊದಲ ಪರೀಕ್ಷೆಗೆ ತಯಾರಾಗೋಣ. ಎರಡನೆಯದಕ್ಕೆ ತಯಾರಾಗುವುದೇ ಅವಮಾನ. ಸಂದರ್ಶನದಲ್ಲಿ ಮನೆತನ ಕೇಳುವುದನ್ನು ಕಾನೂನು ತಡೆಯಬೇಕು. ಯಾವ ಸುತ್ತಿನಲ್ಲಿ ಎಷ್ಟು ಅಂಕ, ಯಾಕೆ ಬಿಟ್ಟಿರಿ ಎಂದು ಬರೆದು ಕೊಡಬೇಕು.

ಕೆಂಗೇರಿಯಿಂದ ವೈಟ್‌ಫೀಲ್ಡಿಗೆ 2023ರ ಅಕ್ಟೋಬರಿನಿಂದ ಒಂದೇ ಮೆಟ್ರೋ. ಅದೇ ಹುಡುಗ ಹೋದ ತಿಂಗಳು ಅದರಲ್ಲಿ ಸಂದರ್ಶನಕ್ಕೆ ಹೋಗಿದ್ದ. ಅಪ್ಪ ಏನು ಮಾಡ್ತಾರೆ ಅಂದರಂತೆ. "ಕೂಲಿ ಸಾರ್, ಮುಂದಿನ ಪ್ರಶ್ನೆ ಕೇಳಿ" ಅಂದನಂತೆ. ತಿಳಿಸ್ತೀವಿ ಅಂದವರು ಇನ್ನೂ ಫೋನು ಮಾಡಿಲ್ಲ. ಈ ಭಾನುವಾರ ರೂಮಿನಲ್ಲಿ ಹೊಸಬರಿಗೆ ಡಿಎನ್‌ಎಸ್ ಹೇಳಿಕೊಡುವವನು ಅವನೇ.